ಕತ್ತಲಲ್ಲೇ ‘ಕಂಡೆ’ ಅಂದವರು

ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲ ಲೆಂಟ್. ಅದರ 40 ದಿನ ನಮ್ಮ ಮನೆಯಲ್ಲಿ ಮಾಂಸ ಇಲ್ಲ. ಶುಕ್ರವಾರ ಸಂಜೆ ಬೀದರಿನ ನಮ್ಮ ಓಣಿಯ ನಾಲ್ಕೈದು ಮನೆಯವರು ಕೂಡಿ ಪ್ರಾರ್ಥನೆ ಮಾಡುತ್ತೇವೆ. ಈ ಸಲ ನನ್ನ ಪಾಲಿಗೆ ಬೈಬಲಿನ ಪ್ರವಾದಿ ಯೋನನ ಕಥೆ ಬಂತು. ಬರೀ 4 ಅಧ್ಯಾಯ. ದೇವರು ನಿನೆವೆ ಪಟ್ಟಣಕ್ಕೆ ಹೋಗು ಅಂದರೆ ಇವನು ತಪ್ಪಿಸಿಕೊಳ್ಳಲು ದೂರದ ತಾರ್ಷೀಷಿನ ಹಡಗು ಹತ್ತಿದ. ಕೊನೆಗೆ ಸಮುದ್ರದಲ್ಲಿ ದೊಡ್ಡ ಮೀನೊಂದು ಅವನನ್ನು ನುಂಗಿತು. ಚಿಕ್ಕವನಿದ್ದಾಗ ನನಗೆ ಒಂದೇ ಚಿಂತೆ, ಮೀನಿನ ಹೊಟ್ಟೆಯಲ್ಲಿ ಮೂರು ದಿನ ಉಸಿರಾಡಿದ್ದು ಹೇಗೆ ಅಂತ.

ಈ ಸಲ 2ನೇ ಅಧ್ಯಾಯ, ಮೀನಿನ ಹೊಟ್ಟೆಯಲ್ಲಿ ಯೋನ ಮಾಡಿದ ಪ್ರಾರ್ಥನೆ, ಓದುವಾಗ ನೆನಪಾಗಿದ್ದೇ ಬೇರೆ. ನಮ್ಮೂರಿನ ಝರಣಿ ನರಸಿಂಹನ ಗುಹೆ.

ಆಗ ನನಗೆ ಹತ್ತು ವರ್ಷ ಇದ್ದೀತು. ಪಕ್ಕದ ಮನೆಯ ಕಾಕಿ ಹರಕೆ ತೀರಿಸಲು ಹೊರಟಾಗ ನನ್ನನ್ನೂ ಕರೆದುಕೊಂಡು ಹೋದರು. ಚರ್ಚಿಗೆ ಹೋಗುವ ಹುಡುಗ ಅಂತ ಅವರೂ ಯೋಚಿಸಲಿಲ್ಲ, ನಮ್ಮವ್ವನೂ ಬೇಡ ಅನ್ನಲಿಲ್ಲ. ಸುಮಾರು 300 ಮೀಟರ್ ಸುರಂಗ. ನೀರು ಕಾಕಿಗೆ ಎದೆಮಟ್ಟ, ನನಗೆ ಗದ್ದದ ತನಕ. ತಲೆಯ ಮೇಲೆ ಬಾವಲಿಗಳು, ಮೂಗಿಗೆ ಅವುಗಳ ಘಾಟು. ನರಸಿಂಹ ಇರುವುದು ಕಟ್ಟಕಡೆಗೆ. ನಾವಿನ್ನೂ ಅರ್ಧ ದಾರಿಯೂ ಹೋಗಿರಲಿಲ್ಲ. ಕಾಕಿ ಮಾತ್ರ ಕೈಮುಗಿದು, ‘ಕಂಡೆ ನನ್ನಪ್ಪ, ಕಂಡೆ’ ಅನ್ನುತ್ತಿದ್ದರು.

‘ಎಲ್ಲಿ ಕಾಕಿ? ನನಗ ಕಾಣವಲ್ದು.’

‘ಸುಮ್ನ ನಡಿ ತಮ್ಮಾ.’

ಯೋನನೂ ಹಾಗೇ ಅಲ್ವಾ? ಸುತ್ತ ನೀರು, ತಲೆಗೆ ಸುತ್ತಿಕೊಂಡ ಕಳೆ. ಆದರೂ ಅವನ ಪ್ರಾರ್ಥನೆ ಶುರುವಾಗುವುದೇ ನಾನು ಕೂಗಿದೆ, ದೇವರು ಕೇಳಿದ ಅಂತ. ಕೇಳಿಯಾಯಿತು! ದೇವಾಲಯವನ್ನು ಮತ್ತೆ ನೋಡುತ್ತೇನೆ ಅನ್ನುತ್ತಾನೆ. ಸ್ತೋತ್ರವನ್ನೂ ಸಲ್ಲಿಸಿಬಿಡುತ್ತಾನೆ. ಮೀನು ಅವನನ್ನು ದಡಕ್ಕೆ ಕಾರುವುದು ಆಮೇಲೆ, ಅಧ್ಯಾಯದ ಕೊನೇ ವಚನದಲ್ಲಿ. ಹೊಟ್ಟೆಯೊಳಗಿದ್ದಾಗಲೇ ಅವನ ಮನಸ್ಸು ದಡದಲ್ಲಿ ನಿಂತಿತ್ತು.

ಬೈಬಲನ್ನು ಹೀಗೆ ಮನಸ್ಸಿನ ಕಥೆ ಮಾಡಬಾರದು ಅನ್ನುವವರು ನಮ್ಮ ಗುಂಪಿನಲ್ಲೂ ಇದ್ದಾರೆ. ಯೋನ ಇರಲೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಅಪೊಸ್ತಲ ಪೌಲನೇ ಅಬ್ರಹಾಮನ ದಾಸಿ ಹಾಗರಳನ್ನೂ ಹೆಂಡತಿ ಸಾರಳನ್ನೂ ದೇವರು ಜನರೊಂದಿಗೆ ಮಾಡಿದ ಎರಡು ಒಡಂಬಡಿಕೆಗಳ ಗುರುತಾಗಿ ಓದಿದ್ದಾನೆ. ನನ್ನೊಳಗೂ ಒಂದು ತಾರ್ಷೀಷ್ ಇದೆ, ಅದಕ್ಕೆ ದಿನಾ ಹಡಗು ಬಿಡುತ್ತದೆ.

ನನ್ನ ಪ್ರಾರ್ಥನೆ ಯಾವಾಗಲೂ ಅರ್ಜಿ ಬರೆದ ಹಾಗೆ. ಮಗಳಿಗೆ ಕೆಲಸ ಕೊಡು, ಸಾಲ ತೀರಿಸು. ಅವತ್ತು ರಾತ್ರಿ ‘ಕೊಡು’ ಬಿಟ್ಟು ‘ನೀ ಕೊಟ್ಟೆ ತಂದೆ’ ಅಂತ ಹೇಳಲು ನೋಡಿದೆ. ನಾಲಿಗೆ ತಡವರಿಸಿತು. ಎರಡನೇ ಸಲ ಸ್ವಲ್ಪ ಜೋರಾಗಿಯೇ ಅಂದೆ. ಪಕ್ಕದ ಕೋಣೆಯಿಂದ ಮಗಳು, ‘ಪಪ್ಪಾ, ಯಾರು ಏನ್ ಕೊಟ್ರು?’ ಅಂತ ಕೇಳಿದಳು.