ಈ ಬಯೋನೆಟ್‌ನಿಂದ ಎಷ್ಟು ಜನ ಸತ್ತಿರಬಹುದು?

ಹಳೆಯ ಜರ್ಮನ್ ಪೊಲೀಸ್ ಬಯೋನೆಟ್‌ಗಳನ್ನು ನಾನು ಸಂಗ್ರಹಿಸುತ್ತೇನೆ ಎಂದು ತಿಳಿದ ಕೂಡಲೇ, ಉಭಯಕುಶಲೋಪರಿ ಮುಗಿಯುವ ಮೊದಲೇ ಬರುವ ಪ್ರಶ್ನೆ ಇದು. ಬಾಯಿಮಾತಿನಲ್ಲಿ ಉತ್ತರಿಸಿ ಸಾಕಾಗಿರುವುದರಿಂದ ಇಲ್ಲಿ ಬರೆದಿಡುತ್ತಿದ್ದೇನೆ. ಉತ್ತರ: ಬಹುಶಃ ಒಬ್ಬರೂ ಇಲ್ಲ. ಕೇಳಿದವರ ಮುಖ ಆಗ ಸಪ್ಪಗಾಗುವುದನ್ನು ನೋಡಿದರೆ, ನನ್ನ ಅಭಿರುಚಿಯ ಬಗ್ಗೆ ಅನುಮಾನಪಡುವ ಹಕ್ಕು ಇವರಿಗೆ ಎಲ್ಲಿಂದ ಬಂತು ಎನಿಸುತ್ತದೆ.

ಬಯೋನೆಟ್ ಬಂದೂಕಿನ ತುದಿಗೆ ಸಿಕ್ಕಿಸುವ ಕತ್ತಿ ಎನ್ನುವುದೇನೋ ನಿಜ. ಆದರೆ ನನ್ನಲ್ಲಿರುವಂಥವು ಹೆಚ್ಚಾಗಿ ಸೊಂಟದಲ್ಲಿ ನೇತಾಡುತ್ತ, ಕವಾಯತಿನಲ್ಲಿ ಮಿಂಚುತ್ತ ಕಾಲ ಕಳೆದವು. ಹಿಡಿಗೆ ಜಿಂಕೆಯ ಕೊಂಬಿನ ಹೋಳುಗಳು, ಹಿಡಿಯ ತುದಿಗೆ ಹದ್ದಿನ ತಲೆ, ಕೆಳಗೆ ಕಪ್ಪೆಚಿಪ್ಪಿನಾಕಾರದ ತಡೆ. ಅಲಂಕಾರವನ್ನು ನೋಡಿದರೇ ಇದು ಯುದ್ಧಕ್ಕೆ ಹೊರಟ ವಸ್ತುವಲ್ಲ ಎಂದು ತಿಳಿಯಬೇಕು.

ಒಂದು ಯುಗಾದಿಯಂದು ನಮ್ಮ ಮನೆಗೆ ಊಟಕ್ಕೆ ಬಂದಿದ್ದ ಕನ್ನಡಿಗ ಮಿತ್ರರೊಬ್ಬರು ಹೋಳಿಗೆ ಮುಗಿಸಿ, ಕೈ ತೊಳೆಯದೆಯೇ ಒಂದು ಬಯೋನೆಟ್ಟನ್ನು ಎತ್ತಿಕೊಂಡು, ಒರೆಯಿಂದ ಅರ್ಧ ಹಿರಿದು, ಒಂದು ಫೋಟೊ ತೆಗೆಯಿರಿ, ಫೇಸ್‌ಬುಕ್ಕಿಗೆ ಹಾಕುತ್ತೇನೆ ಎಂದರು. ಆ ಹಿಡಿಯ ಮೇಲೆ ಸ್ವಸ್ತಿಕವನ್ನು ಹಿಡಿದ ನಾಜಿ ಹದ್ದು ಇತ್ತು. ಅಂಥ ಲಾಂಛನಗಳನ್ನು ಸಾರ್ವಜನಿಕವಾಗಿ ಪ್ರದರ್ಶಿಸುವುದು ಜರ್ಮನಿಯ ದಂಡ ಸಂಹಿತೆಯ 86ಎ ವಿಧಿಯ ಪ್ರಕಾರ ಅಪರಾಧವೆಂದೂ, ಅಧ್ಯಯನಕ್ಕೆ ವಿನಾಯಿತಿಯಿದ್ದರೂ ಹೋಳಿಗೆ ತಿಂದು ಫೋಟೊ ಹೊಡೆಸಿಕೊಳ್ಳುವುದು ಅಧ್ಯಯನವಾಗದೆಂದೂ ನಾನು ವಿವರಿಸಿದೆ. ನನಗೆ ಜಂಬ ಎಂದು ಅವರು ಆಮೇಲೆ ಹೇಳಿಕೊಂಡು ತಿರುಗಿದರಂತೆ. ಇರಲಿ. ಊರಿಗೆ ಬರುವಾಗ ಒಂದು ತಂದುಕೊಡಿ ಎನ್ನುವ ಬಂಧುಗಳಿಗೂ ಇಲ್ಲೇ ಹೇಳಿಬಿಡುತ್ತೇನೆ: ಭಾರತದ 2016ರ ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯಲ್ಲಿ ಬಯೋನೆಟ್ ಹೆಸರಿಸಿಯೇ ಸೇರಿದೆ. ಚಾಕಲೇಟಿನ ಜೊತೆ ಸೂಟ್‌ಕೇಸಿನಲ್ಲಿ ಅದನ್ನು ತರಲಾಗುವುದಿಲ್ಲ.

ಸಾವಿನ ಲೆಕ್ಕವೇ ಬೇಕೆನ್ನುವವರು ಕತ್ತಿಯನ್ನು ಬಿಟ್ಟು ಅದನ್ನು ಕಟ್ಟಿಕೊಂಡಿದ್ದ ಇಲಾಖೆಯನ್ನು ನೋಡಬೇಕು. 1941ರ ಡಿಸೆಂಬರ್ 11ರಂದು ಡ್ಯೂಸೆಲ್‌ಡಾರ್ಫ್‌ನಿಂದ ನಾಜಿಗಳು ಯಹೂದಿಗಳನ್ನು ಕೂಡಿಹಾಕಿ ಕೊಲ್ಲುತ್ತಿದ್ದ ಲಾಟ್ವಿಯಾದ ರೀಗಾಕ್ಕೆ 1,007 ಯಹೂದಿಗಳನ್ನು ಸಾಗಿಸಿದ ರೈಲಿಗೆ ಕಾವಲಾಗಿ ಹೋದದ್ದು ಸೈನ್ಯವಲ್ಲ, ಶುಟ್ಸ್‌ಪೊಲಿಟ್ಸಾಯ್ ಎಂಬ ಸಮವಸ್ತ್ರದ ಪೊಲೀಸು. ಆ ಕಾವಲು ತಂಡದ ಮುಖ್ಯಸ್ಥ ಪಾಲ್ ಸಾಲಿಟರ್ ಬರೆದ ವರದಿ ಇಂದಿಗೂ ಉಳಿದಿದೆ. ದಾರಿಯಲ್ಲಿ ಒಬ್ಬ ಸ್ಟೇಷನ್ ಮಾಸ್ತರ ಬೋಗಿಗಳನ್ನು ಬದಲಿಸಿಕೊಡಲು ಒಪ್ಪಲಿಲ್ಲವೆಂದು ಆತ ಅದರಲ್ಲಿ ದೂರಿಕೊಂಡಿದ್ದಾನೆ. ಈ ಕೆಲಸಕ್ಕೆ ಬಯೋನೆಟ್ ಹಿರಿಯುವ ಅಗತ್ಯವೇ ಬೀಳಲಿಲ್ಲ. ಹೆಸರುಗಳ ಪಟ್ಟಿ ಮತ್ತು ರೈಲಿನ ವೇಳಾಪಟ್ಟಿ ಸಾಕಾದವು.

ನನ್ನನ್ನು ಯಾರಾದರೂ ಕೇಳಲಿ ಎಂದು ನಾನು ಕಾಯುತ್ತಿರುವ ಪ್ರಶ್ನೆ ಬೇರೆ: ಈ ಬಯೋನೆಟ್ಟನ್ನು ತಯಾರಿಸಿದವರು ಯಾರು? ಕೇಳಿದವರಿಗೆ ನಾನು ತೋರಿಸುವುದು ವೈಮಾರ್ ಗಣರಾಜ್ಯದ, ಅಂದರೆ ನಾಜಿಗಳು ಅಧಿಕಾರಕ್ಕೆ ಬರುವ ಮೊದಲಿನ ಜರ್ಮನಿಯ, ಕಾಲದಲ್ಲಿ ತಯಾರಾದ ಒಂದು ಬಯೋನೆಟ್ಟನ್ನು. ಅದರ ತಡೆಯ ಮೇಲೆ ಆಗಿನ ಪೊಲೀಸ್ ದಳದ ಗುರುತು, ಎಸ್ ಅಕ್ಷರದಿಂದ ಆರಂಭವಾಗುವ ಸಣ್ಣ ಮುದ್ರೆ, ಇನ್ನೂ ಉಳಿದಿದೆ. 1936ರ ಜೂನ್ 17ರಂದು ನಾಜಿ ನಾಯಕ ಹಿಮ್ಲರ್ ಇಡೀ ಜರ್ಮನಿಯ ಪೊಲೀಸ್ ಮುಖ್ಯಸ್ಥನಾದ ಮೇಲೆ ಇಂಥ ಹಳೆಯ ಬಯೋನೆಟ್‌ಗಳಲ್ಲಿ ಅನೇಕವನ್ನು ಎಸೆಯದೆ ತಿದ್ದಿದರು. ಅಲಗನ್ನು ಕತ್ತರಿಸಿ ಮೋಟು ಮಾಡಿದರು, ಕೊಂಬಿನ ಹಿಡಿಗೆ ಹೊಸ ಲಾಂಛನ ಕೂರಿಸಿದರು. ನನ್ನದರಲ್ಲಿ ಬಂದೂಕಿಗೆ ಸಿಕ್ಕಿಸುವ ಸೀಳನ್ನು ಲೋಹ ತುಂಬಿ ಮುಚ್ಚಲಾಗಿದೆ. ಬೆಳಕಿಗೆ ಓರೆಯಾಗಿ ಹಿಡಿದರೆ ಕೂದಲೆಳೆಯಂಥ ಗೆರೆಯೊಂದು ಕಾಣುತ್ತದೆ. ಸರ್ಕಾರ ಬದಲಾದಾಗ ಪೊಲೀಸರ ಕೈಗೆ ಹೊಸ ಕತ್ತಿಯನ್ನು ಸಹ ಕೊಡಬೇಕಾಗಲಿಲ್ಲ ಎನ್ನುವುದಕ್ಕೆ ನನಗೆ ಆ ಗೆರೆಗಿಂತ ದೊಡ್ಡ ದಾಖಲೆ ಬೇಡ.

ಅಲಗಿನ ಬುಡದಲ್ಲಿ ತಕ್ಕಡಿಯ ಗುರುತಿದೆ. ಅದು ಸೋಲಿಂಗೆನ್ ನಗರದ ಅಲೆಕ್ಸಾಂಡರ್ ಕೊಪೆಲ್ ಕಂಪನಿಯದು, ಸಂಗ್ರಾಹಕರು ಆಲ್ಕೋಸೊ ಎಂದು ಕರೆಯುವುದು ಇದನ್ನೇ. ಸೋಲಿಂಗೆನ್ ಎಂದರೆ ನಮ್ಮ ಕಡೆ ಹಳಬರಿಗೆ ಕ್ಷೌರದ ಕತ್ತಿ ನೆನಪಾದೀತು, ಅದೇ ಊರು. ಕೊಪೆಲ್ ಕುಟುಂಬ ಯಹೂದಿಗಳದು. ಗಣರಾಜ್ಯದ ಪೊಲೀಸರಿಗೆ ಬಯೋನೆಟ್ ಮಾಡಿಕೊಟ್ಟ ಆ ಕಂಪನಿಯನ್ನು 1936ರಲ್ಲಿ ಅವರ ಕೈಯಿಂದ ಕಸಿದುಕೊಂಡು ಬೇರೆಯವರಿಗೆ ವಹಿಸಲಾಯಿತು. ತಾತನ ಹೆಸರನ್ನೇ ಹೊತ್ತಿದ್ದ ಮಾಲೀಕ ಡಾಕ್ಟರ್ ಅಲೆಕ್ಸಾಂಡರ್ ಕೊಪೆಲ್ ಅವರನ್ನು 1942ರಲ್ಲಿ, ಇಳಿವಯಸ್ಸಿನಲ್ಲಿ, ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ಟೆರೆಜಿಯನ್‌ಸ್ಟಾಟ್‌ಗೆ ಗಡೀಪಾರು ಮಾಡಿದರು. ಅದೇ ವರ್ಷ ಅವರು ಅಲ್ಲಿ ತೀರಿಕೊಂಡರು.

ಇಷ್ಟೆಲ್ಲ ಹೇಳಿದ ಮೇಲೂ, ಸಂಗ್ರಾಹಕರ ಮೇಳಗಳಲ್ಲಿ ಕೆಲವರು ಮೊದಲು ಹುಡುಕುವುದು ನಾಜಿ ಹದ್ದಿನ ಲಾಂಛನವನ್ನು. ಹದ್ದಿಗಾಗಿಯೇ ದುಡ್ಡು ಸುರಿಯುವವರು ಇರುವುದರಿಂದ, ಯಾರೂ ತಿದ್ದದೆ ಉಳಿದಿದ್ದ ವೈಮಾರ್ ಕಾಲದ ಹಿಡಿಗಳಿಗೆ ಈಗಿನ ಕಳ್ಳರು ಹೊಸದಾಗಿ ಹದ್ದು ಜಡಿದು ಮಾರುವುದೂ ಉಂಟು. ಕೊಂಬಿನ ಮೇಲೆ ಲಾಂಛನದ ಸುತ್ತ ದಶಕಗಳ ಕೊಳೆ ಕಟ್ಟಿರಬೇಕು. ಅಂಚು ಬೆಳ್ಳಗೆ ಹೊಳೆದರೆ ಲಾಂಛನ ಕೂರಿಸಲು ಕೊರೆದ ತೂತು ಇತ್ತೀಚಿನದು ಎಂದೇ ತಿಳಿಯಿರಿ. ಅಂಥದ್ದನ್ನು ನಾನು ಮುಟ್ಟುವುದಿಲ್ಲ, ವ್ಯಾಪಾರಿ ಎಷ್ಟೇ ಇಳಿಸಿದರೂ.