ನಿಮ್ಮೂರಲ್ಲಿ ಇದಕ್ಕೆ ನೀರು ನಿಲ್ಲಿಸ್ತಿದ್ದವರು ಯಾರು?

ಹೋದ ವಾರ ಪಕ್ಕದ ಮನೆ ಅಜ್ಜಿ ಕೇಳಿದ ಒಂದು ಪ್ರಶ್ನೆ ತಲೆಯಿಂದ ಹೋಗ್ತಾನೇ ಇಲ್ಲ. ಅದಕ್ಕೇ ಬರೆಯೋಕೆ ಕೂತೆ.

ನಮ್ಮ ಅಡುಗೆಮನೆ ಕಿಟಕಿಯಲ್ಲಿ ಅಮರಿಲ್ಲಿಸ್ ಅನ್ನೋ ಗಡ್ಡೆ ಗಿಡ ಹೂ ಬಿಟ್ಟಿದೆ. ಈ ಸಲ ಎರಡು ದಂಟು, ಒಂದೊಂದರಲ್ಲಿ ನಾಲ್ಕು ಹೂ, ಒಂದೊಂದು ಹೂವೂ ನನ್ನ ಅಂಗೈಗಿಂತ ದೊಡ್ಡದು. ಹೊರಗೆ ನೆದರ್‌ಲ್ಯಾಂಡ್ಸಿನ ಡೆಲ್ಫ್ಟ್ ಊರಿನ ಬೂದಿ ಬಣ್ಣದ ಆಕಾಶ, ಒಳಗೆ ಈ ಕೆಂಪು. ಬೆಳಿಗ್ಗೆ ಲೈಟ್ ಹಾಕದೆ ಸುಮ್ನೆ ಅದರ ಮುಂದೆ ನಿಂತು ಕಾಫಿ ಕುಡಿಯುತ್ತೇನೆ. ಅಜ್ಜಿಗೆ ಎಂಬತ್ತು ದಾಟಿದೆ. ಬೇಲಿಯ ಆಚೆಯಿಂದ ನೋಡಿ, ಕೋಲು ಊರಿಕೊಂಡು ಒಳಗೇ ಬಂದುಬಿಟ್ಟರು. ಇದು ಅವರೇ ಎಸೆದ ಗಡ್ಡೆ ಅಂದರೆ ನಂಬಲಿಲ್ಲ.

ಮೂರು ವರ್ಷದ ಹಿಂದಿನ ಜನವರಿ ಅದು. ಇಲ್ಲಿ ಕ್ರಿಸ್‌ಮಸ್ ಹತ್ತಿರ ಬಂತು ಅಂದರೆ ಎಲ್ಲ ಅಂಗಡಿಗಳಲ್ಲೂ ಅಮರಿಲ್ಲಿಸ್ ಗಡ್ಡೆ ಬರುತ್ತದೆ. ಇಲ್ಲಿಂದ ಸ್ವಲ್ಪ ದೂರದಲ್ಲೇ ವೆಸ್ಟ್‌ಲ್ಯಾಂಡ್, ಕಣ್ಣು ಹಾಯುವಷ್ಟು ದೂರಕ್ಕೂ ಗಾಜಿನ ಮನೆಗಳು, ಅದರೊಳಗೆ ಹೂ ತರಕಾರಿ ಬೆಳೆಯುತ್ತಾರೆ. ಹಾಗಾಗಿ ಹೂ ಇಲ್ಲಿಯವರಿಗೆ ದಿನಸಿ ಇದ್ದಹಾಗೆ, ವಾರ ವಾರ ತರುತ್ತಾರೆ, ವಾರ ವಾರ ಎಸೆಯುತ್ತಾರೆ. ಅವತ್ತು ಹಸಿ ಕಸದ ಡಬ್ಬಿ ಹೊರಗಿಡಲು ಹೋದೆ. ಅಜ್ಜಿಯ ಡಬ್ಬಿಯ ಮುಚ್ಚಳ ಪೂರ್ತಿ ಮುಚ್ಚಿರಲಿಲ್ಲ. ಎರಡು ಹಸಿರು ಎಲೆ ಹೊರಗೆ ಚಾಚಿಕೊಂಡಿದ್ದವು. ಹಿಡಿದು ಎಳೆದರೆ ಇಡೀ ಗಡ್ಡೆಯೇ ಬಂತು, ಬೇರಿನ ಸಮೇತ. ದೊಡ್ಡ ಈರುಳ್ಳಿಯಷ್ಟು, ಒತ್ತಿದರೆ ಕಲ್ಲಿನ ಹಾಗೆ ಗಟ್ಟಿ.

ಯಾಕೆ ಎಸೆದಿರಿ ಅಂತ ಕೇಳಿದೆ. "ಹೂ ಆಯ್ತಲ್ಲ" ಅಂದರು. ಅಷ್ಟೇ. ಬೇಜಾರಾಗಿಹೋಯಿತು ನನಗೆ.

ಮೊದಲ ವರ್ಷ ನಾನೂ ತಪ್ಪು ಮಾಡಿದೆ. ಪ್ರೀತಿ ಜಾಸ್ತಿಯಾಗಿ ವರ್ಷಪೂರ್ತಿ ನೀರು ಹಾಕಿದೆ. ಎಲೆ ಬಂತು, ಇನ್ನೂ ಎಲೆ ಬಂತು, ಹೂವಿನ ಸುಳಿವೇ ಇಲ್ಲ. ಆಮೇಲೆ ಕೇಳಿ, ಓದಿ, ಮಾಡಿ ಕಲಿತೆ. ಹೂ ಬಾಡಿದ ಮೇಲೆ ದಂಟನ್ನು ಮಾತ್ರ ಕತ್ತರಿಸಬೇಕು, ಎಲೆ ಮುಟ್ಟಬಾರದು. ಮುಂದಿನ ವರ್ಷದ ಹೂವಿಗೆ ಊಟ ಕೂಡಿಡುವುದು ಆ ಎಲೆಗಳೇ. ಬೇಸಿಗೆಯಲ್ಲಿ ಚೆನ್ನಾಗಿ ಬೆಳೆದ ನಾಲ್ಕು ಎಲೆಗೆ ಒಂದು ದಂಟು ಅಂತ ಇಲ್ಲಿಯ ತೋಟದವರು ಲೆಕ್ಕ ಹಾಕುತ್ತಾರೆ. ಮೇ ಮಧ್ಯದ ಹೊತ್ತಿಗೆ, ಇಬ್ಬನಿ ಹೆಪ್ಪುಗಟ್ಟುವ ಭಯ ಹೋದ ಮೇಲೆ, ಪಾಟನ್ನು ಹೊರಗಿಡುತ್ತೇನೆ. ಒಂದೇ ಸಲ ಬಿಸಿಲಿಗೆ ಇಟ್ಟರೆ ಎಲೆ ಸುಟ್ಟುಹೋಗುತ್ತದೆ, ಮೊದಲು ಒಂದು ವಾರ ನೆರಳು ಬೇಕು. ಹದಿನೈದು ದಿನಕ್ಕೊಮ್ಮೆ ಗೊಬ್ಬರದ ನೀರು. ಸೆಪ್ಟೆಂಬರ್ ಕೊನೆ ಬಂತೋ, ನೀರು ಬಂದ್. ಪಾಟನ್ನು ಹಾಗೇ ಸೈಕಲ್ ಇಡುವ ಶೆಡ್ಡಿನ ಕತ್ತಲೆಗೆ ಸೇರಿಸುತ್ತೇನೆ. 10ರಿಂದ 13 ಡಿಗ್ರಿ ತಂಪು ಇದ್ದರೆ ಸಾಕು. ಎಂಟು ಹತ್ತು ವಾರ ಹನಿ ನೀರಿಲ್ಲ. ಎಲೆಗಳು ಹಳದಿಯಾಗಿ, ಒಣಗಿ, ಮುಟ್ಟಿದರೆ ಕೈಗೇ ಬರುತ್ತವೆ. ಸತ್ತೇಹೋಯಿತು ಅನ್ನಿಸುತ್ತದೆ. ಪ್ರತಿ ವರ್ಷ ಅನ್ನಿಸುತ್ತದೆ.

ಡಿಸೆಂಬರಿನಲ್ಲಿ ಹೊರಗೆ ತೆಗೆದು ಮೇಲಿನ ಮಣ್ಣು ಬದಲಿಸುತ್ತೇನೆ. ಗಡ್ಡೆಯ ಮೂರನೇ ಒಂದು ಭಾಗವಾದರೂ ಮಣ್ಣಿನ ಮೇಲೆ ಕಾಣುತ್ತಿರಬೇಕು. ಪಾಟು ಗಡ್ಡೆಗಿಂತ ಎರಡು ಬೆರಳು ಅಗಲ ಇದ್ದರೆ ಸಾಕು. ಒಂದು ಲೋಟ ನೀರು ಹಾಕಿ, ಅಡುಗೆಮನೆಯ ಕಿಟಕಿ ಕಟ್ಟೆಯಲ್ಲಿಟ್ಟು, ಕಾಯುವುದು. ಈ ಸಲ ಜನವರಿಯ ಒಂದು ಬೆಳಿಗ್ಗೆ ಗಡ್ಡೆಯ ಕುತ್ತಿಗೆಯ ಪಕ್ಕದಲ್ಲಿ ಒಂದು ಹಸಿರು ತುದಿ ಕಂಡಿತು. ಎಲೆಯೋ ಮೊಗ್ಗೋ ಮೊದಲು ಗೊತ್ತಾಗುವುದಿಲ್ಲ. ಎಲೆಯಾದರೆ ತುದಿ ತೆಳುವಾಗಿ, ನಾಲಿಗೆಯ ಹಾಗೆ ಇರುತ್ತದೆ. ಮೊಗ್ಗಾದರೆ ದಪ್ಪಗೆ, ಗಿಳಿಯ ಕೊಕ್ಕಿನ ಹಾಗೆ. ಬಗ್ಗಿ ನೋಡಿದೆ, ಕೊಕ್ಕು! ಕೂಗಿಕೊಂಡ ರಭಸಕ್ಕೆ ಮಗಳು ಓಡಿ ಬಂದಳು.

ಇದನ್ನೆಲ್ಲ ಅಜ್ಜಿಗೆ ಅರ್ಧ ಡಚ್ಚು ಅರ್ಧ ಇಂಗ್ಲಿಷಿನಲ್ಲಿ ಹೇಳಿದೆ. ನೀರು ನಿಲ್ಲಿಸುವುದೇ ಮುಖ್ಯ, ನಮ್ಮೂರಲ್ಲಿ ನಮ್ಮಮ್ಮನ ಅಂಗಳದಲ್ಲಿ ಇದು ಪ್ರತಿ ವರ್ಷ ಹೂ ಬಿಡುತ್ತಿತ್ತು ಅಂದೆ. ಅಜ್ಜಿ ಹೂವನ್ನೇ ನೋಡುತ್ತಾ ಇದ್ದವರು ನನ್ನ ಕಡೆ ತಿರುಗಿ ಕೇಳಿದರು: "ಹಾಗಾದ್ರೆ ನಿಮ್ಮೂರಲ್ಲಿ ಇದಕ್ಕೆ ನೀರು ನಿಲ್ಲಿಸ್ತಿದ್ದವರು ಯಾರು?"

ಥಟ್ಟಂತ ಉತ್ತರ ಬರಲಿಲ್ಲ. ಯಾರೂ ಇಲ್ಲ. ಯಾರೂ ನಿಲ್ಲಿಸುತ್ತಿರಲಿಲ್ಲ, ಯಾರೂ ಹಾಕುತ್ತಲೂ ಇರಲಿಲ್ಲ.

ಅಪ್ಪ ಕೊಡಗಿನ ಸುಂಟಿಕೊಪ್ಪದ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕಪತ್ರ ಬರೆಯುವ ರೈಟರ್ ಆಗಿದ್ದರು. ದೊರೆಗಳ ಕಾಲದ ಬಂಗಲೆ, ಅದರ ಮುಂದೆ ಸಾಲಾಗಿ ಕೆಂಪು ಲಿಲ್ಲಿ. ನಾವು ಅದನ್ನು ಅಮರಿಲ್ಲಿಸ್ ಅನ್ನುತ್ತಿರಲಿಲ್ಲ, ಬರೀ ಲಿಲ್ಲಿ. (ಸಸ್ಯಶಾಸ್ತ್ರದವರು ಇದಕ್ಕೆ ಹಿಪ್ಪಿಯಾಸ್ಟ್ರಮ್ ಅನ್ನುತ್ತಾರೆ, ಮೂಲ ದಕ್ಷಿಣ ಅಮೆರಿಕ. ಅಮರಿಲ್ಲಿಸ್ ಅನ್ನೋ ಹೆಸರು ನಿಜವಾಗಿ ದಕ್ಷಿಣ ಆಫ್ರಿಕಾದ ಬೇರೆ ಗಿಡದ್ದು.) ಬಂಗಲೆಯ ಮಾಲಿ ಒಂದು ದಿನ ಗೊಬ್ಬರದ ಚೀಲದಲ್ಲಿ ಏಳೆಂಟು ಗಡ್ಡೆ ತಂದು ಅಮ್ಮನಿಗೆ ಕೊಟ್ಟರು. ಅಮ್ಮ ಅದನ್ನು ಬಚ್ಚಲ ಹಿಂದೆ ನೆಟ್ಟಳು, ಆಮೇಲೆ ಅಂಗಳದ ಅಂಚಿಗೆ. ಅಪ್ಪ ಕೆಲಸ ಬಿಟ್ಟು ನಾವು ಸ್ವಂತ ಮನೆಗೆ ಬಂದಾಗ ಗಡ್ಡೆಗಳೂ ಬಂದವು, ಪಾತ್ರೆಗಳ ಜೊತೆ ಅದೇ ಜೀಪಿನಲ್ಲಿ.

ಡಿಸೆಂಬರ್ ಕಳೆದರೆ ನಮ್ಮಲ್ಲಿ ಮಳೆ ಇಲ್ಲ. ಫೆಬ್ರವರಿಯಲ್ಲಿ ಬಾವಿ ತಳ ಕಾಣುತ್ತಿತ್ತು. ಕೊಡ ಎಣಿಸಿ ಸೇದುತ್ತಿದ್ದೆವು. ಕುಡಿಯೋಕೆ, ದನಕ್ಕೆ, ಅಮ್ಮನ ಮಲ್ಲಿಗೆಗೆ ಪಾತ್ರೆ ತೊಳೆದ ನೀರು. ಲಿಲ್ಲಿಗೆ ಏನೂ ಇಲ್ಲ. ಎಲೆಯೆಲ್ಲ ಒಣಗಿ ಮಣ್ಣಿನ ಬಣ್ಣಕ್ಕೆ ಬಂದು, ಅಲ್ಲಿ ಗಿಡ ಇದೆ ಅನ್ನುವುದೇ ಮರೆತುಹೋಗಿ ನಾವು ಮೇಲೇ ಓಡಾಡುತ್ತಿದ್ದೆವು.

ಆಮೇಲೆ ಒಂದು ಸಂಜೆ ಹೂಮಳೆ. ಕಾಫಿ ತೋಟದವರಿಗೆ ಆ ಮಳೆ ಏನು ಅಂತ ಕೊಡಗಿನವರಿಗೆ ಹೇಳಬೇಕಾಗಿಲ್ಲ. ಕಾಫಿ ಮೊಗ್ಗೂ ಹಾಗೇ ಅಲ್ವಾ, ಒಣಗಿ ಬಾಯಾರಿ ಕಾಯುತ್ತಿರಬೇಕು, ಆಮೇಲೆ ಮಳೆ ಬಿದ್ದರೆ ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ. ಅಪ್ಪ ಮಳೆ ಮಾಪಕದ ಗಾಜು ಕಣ್ಣೆತ್ತರಕ್ಕೆ ಹಿಡಿದು "ಒಂದು ಇಂಚು ಇಪ್ಪತ್ತು ಸೆಂಟು" ಅಂತ ಜೋರಾಗಿ ಹೇಳಿ ಪುಸ್ತಕದಲ್ಲಿ ಬರೆಯುತ್ತಿದ್ದರು (ಒಂದು ಸೆಂಟು ಅಂದರೆ ಇಂಚಿನ ನೂರನೇ ಒಂದು ಭಾಗ). ಅಮ್ಮ ಆ ಹೊತ್ತಿಗೆ ಅಂಗಳದ ಅಂಚಿನಲ್ಲಿ ಕೂತು ಕಸ ಸರಿಸುತ್ತಿದ್ದಳು. ಕಾಫಿ ಹೂವಿನ ಹಿಂದೆಯೇ ಅವಳ ಲಿಲ್ಲಿಗಳೂ, ಎಲೆಯೇ ಇಲ್ಲದೆ ನೆಲದಿಂದ ನೇರ ದಂಟು ಎದ್ದು, ಕೆಂಪಗೆ.

ಅಜ್ಜಿಗೆ ಕೊನೆಗೆ ಹೇಳಿದ್ದು ಇದು: ಅಲ್ಲಿ ಆಕಾಶವೇ ನೀರು ನಿಲ್ಲಿಸುತ್ತಿತ್ತು. ಇಲ್ಲಿ ಹನ್ನೆರಡು ತಿಂಗಳೂ ಮಳೆ, ಹಾಗಾಗಿ ಆ ಕೆಲಸ ನಾನು ಮಾಡಬೇಕು.

ಅವತ್ತು ರಾತ್ರಿ ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ಹೂ ತೋರಿಸಿದೆ. ಅವಳಿಗೆ ಖುಷಿಯಾಯಿತು, ಆಮೇಲೆ ಸುಮ್ಮನಾದಳು. "ನಮ್ಮನೇಲಿ ಬಿಡ್ತಿಲ್ಲ ಮಗಾ, ಮೂರು ವರ್ಷ ಆಯ್ತು" ಅಂದಳು.

ನನಗೆ ಗೊತ್ತೇ ಇರಲಿಲ್ಲ. ಅಣ್ಣ ಹೋಂಸ್ಟೇ ಮಾಡಿದ್ದಾನೆ, ಅಂಗಳ ಈಗ ಲಾನ್. ಬೋರ್‌ವೆಲ್ ನೀರು, ದಿನಾ ಸಂಜೆ ಸ್ಪ್ರಿಂಕ್ಲರ್. ಫೆಬ್ರವರಿಯಲ್ಲಿ ಬರುವ ಗೆಸ್ಟುಗಳಿಗೂ ಹಸಿರೇ ಕಾಣಬೇಕು. ಹುಲ್ಲು ಹೊಡೆಯುವ ಮೆಷಿನ್ ತಿಂಗಳಿಗೆರಡು ಸಲ ಓಡುತ್ತದೆ, ಲಿಲ್ಲಿಯ ಎಲೆಯೂ ಹುಲ್ಲಿನ ಜೊತೆ ಹೋಗುತ್ತದೆ. ಎಲೆ ಇಲ್ಲದೆ ಗಡ್ಡೆ ಏನು ತಿನ್ನಬೇಕು, ನಿದ್ದೆ ಇಲ್ಲದೆ ಯಾವಾಗ ಏಳಬೇಕು? ಅಣ್ಣನನ್ನು ಬೈಯಲು ನನಗೆ ಮನಸ್ಸಿಲ್ಲ. ಕಾಫಿ ರೇಟು ಬಿದ್ದಿದ್ದ ವರ್ಷಗಳಲ್ಲಿ ಆ ಹೋಂಸ್ಟೇಯೇ ಮನೆ ನಡೆಸಿದ್ದು. 2021ರ ಜನವರಿಯಲ್ಲಿ ಅಕಾಲ ಮಳೆ ಸುರಿದು, ಗಿಡದಲ್ಲಿ ಹಣ್ಣಿರುವಾಗಲೇ ಪಕ್ಕದಲ್ಲಿ ಹೂ ಬಿಟ್ಟು ಅವನು ಒದ್ದಾಡಿದ್ದು ನೋಡಿದ್ದೇನೆ. ಆದರೂ ಹೊಟ್ಟೆಯೊಳಗೆ ಏನೋ ಚುಚ್ಚಿತು. ಕಸದ ಡಬ್ಬಿಯಿಂದ ಎತ್ತಿದ ಗಡ್ಡೆ ಇಲ್ಲಿ ಬಿಡುತ್ತಿದೆ, ಜೀಪಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದದ್ದು ಅಲ್ಲಿ ಬಿಡುತ್ತಿಲ್ಲ.

ಅಣ್ಣನಿಗೆ ಫೋನ್ ಮಾಡಿ ನೇರವಾಗಿ ಕೇಳಿದೆ. "ಅಣ್ಣ, ಒಂದು ಮೂಲೆ ಒಣಗೋಕೆ ಬಿಡು. ನಾಲ್ಕಡಿ ಸಾಕು." ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಅಮ್ಮ ನನ್ಹತ್ರ ಹೇಳೇ ಇಲ್ವಲ್ಲೇ" ಅಂದ. ಮರುದಿನ ಅವನೇ ಗುದ್ದಲಿ ಹಿಡಿದು ಲಾನಿನಿಂದ ಹದಿನಾರು ಗಡ್ಡೆ ಅಗೆದು, ಸೌದೆ ಕೊಟ್ಟಿಗೆಯ ಹಿಂದೆ ಪೈಪಿನ ನೀರು ತಲುಪದ ಜಾಗದಲ್ಲಿ ನೆಟ್ಟು ಫೋಟೋ ಕಳಿಸಿದ. ಕೆಲವು ನೆಲ್ಲಿಕಾಯಿಯಷ್ಟು ಸಣ್ಣಗಾಗಿವೆ. ಈ ವರ್ಷ ಬಿಡುವುದು ಕಷ್ಟ, ಎಲೆ ಬಂದು ಬಲಿಯಬೇಕು, ಅಮ್ಮನಿಗೂ ಅದು ಗೊತ್ತು. ಆದರೂ ದಿನಾ ಸಂಜೆ ಹೋಗಿ ನೋಡಿ ಬರುತ್ತಾಳಂತೆ.

ಅಜ್ಜಿಗೆ ಇದನ್ನೂ ಹೇಳಿದೆ, ಮಳೆಯನ್ನು ಸೆಂಟಿನಲ್ಲಿ ಅಳೆಯುತ್ತೇವೆ ಅನ್ನುವುದನ್ನೂ. ಅವರಿಗೆ ಸೆಂಟು ಅಂದರೆ ಚಿಲ್ಲರೆ ಕಾಸು, ತುಂಬ ಹೊತ್ತು ನಕ್ಕರು. ಅವತ್ತಿನಿಂದ ಬೇಲಿಯ ಹತ್ತಿರ ಸಿಕ್ಕಾಗಲೆಲ್ಲ ಅದನ್ನೇ ಕೇಳುತ್ತಾರೆ. ಇವತ್ತು ಬೆಳಿಗ್ಗೆಯೂ, ಇಲ್ಲಿಯ ಮಳೆಯಲ್ಲಿ ಕೊಡೆ ಹಿಡಿದು ನಿಂತು ಕೇಳಿದರು, ನಿಮ್ಮೂರಲ್ಲಿ ಎಷ್ಟು ಸೆಂಟು ಅಂತ.

ಇನ್ನೂ ಸೊನ್ನೆ ಅಂದೆ.