ಹೀರೋದನ್ನ ಕಡಿಮೆ ಮಾಡೋಕೇ ಇಷ್ಟೆಲ್ಲ ಸರ್ಕಸ್

ವ್ಯಾಕ್ಯೂಮ್ ಕ್ಲೀನರ್‌ನಲ್ಲಿ ಜೇನು ಹಿಡೀತೀನಿ ಅಂದಾಗ ಚಿಕ್ಕಪ್ಪ ಸ್ವಲ್ಪ ಹೊತ್ತು ನನ್ನ ಮುಖಾನೇ ನೋಡ್ತಾ ಕೂತ್ರು. ಆಮೇಲೆ "ಅದು ಧೂಳು ಹಿಡಿಯೋ ಮಿಷನ್ನು ಕಣೋ, ಹುಳ ಏನು ಧೂಳಾ?" ಅಂದ್ರು. ಅವರು ಮೊದಲಿಂದ್ಲೂ ಬರೀ ಕೈಯಲ್ಲೇ ಜೇನು ಕೂರಿಸಿದೋರು, ನನಗೆ ಜೇನಿನ ಮೊದಲ ಪಾಠ ಹೇಳಿದ್ದೂ ಅವ್ರೇ, ಹಾಗಾಗಿ ಎದುರು ಮಾತಾಡ್ಲಿಲ್ಲ. ಅವರ ಮಾತು ಕೇಳ್ಲೂ ಇಲ್ಲ ಅನ್ನಿ.

ವಿಷಯ ಏನಂದ್ರೆ, ಗೆಳೆಯನ ಗೋಡೌನಿನ ರೋಲಿಂಗ್ ಶಟರ್ ತಿಂಗಳುಗಟ್ಲೆ ಮುಚ್ಚೇ ಇತ್ತು. ಮೇಲೆ ಶಟರ್ ಸುತ್ಕೊಳ್ಳೋ ತಗಡಿನ ಪೆಟ್ಟಿಗೆ ಇರತ್ತಲ್ಲ, ಅದರೊಳಗೆ ತುಡುವೆ ಜೇನು, ಅಂದ್ರೆ ಪೆಟ್ಟಿಗೇಲಿ ಸಾಕೋ ನಮ್ಮ ನಾಡಜೇನು, ಸಂಸಾರ ಹೂಡಿತ್ತು. ಶಟರ್ ಎತ್ತಿದ್ರೆ ಎರಿ (ಹುಳ ಮೇಣದಲ್ಲಿ ಕಟ್ಟೋ ಹಲ್ಲೆ), ಮರಿ, ಹುಳ ಎಲ್ಲಾ ಸೇರಿ ಚಟ್ನಿ. ಔಷಧಿ ಹೊಡೆಸ್ತೀನಿ ಅಂತಿದ್ದ ಪುಣ್ಯಾತ್ಮ, ನಾನೇ ತಡೆದು ನಿಲ್ಲಿಸ್ದೆ. ಕೊಂಬೇಲಿ ನೇತಾಡೋ ಹಿಂಡಾದ್ರೆ ಈ ಮಿಷನ್ನಿನ ಗೋಜೇ ಬೇಡ, ಕೆಳಗೆ ಪೆಟ್ಟಿಗೆ ಹಿಡಿದು ಒಂದ್ಸಲ ಜಾಡಿಸಿದ್ರೆ ಮುಗೀತು. ಆದ್ರೆ ಇಲ್ಲಿ ತಗಡು ಬಿಚ್ಚಿದ್ರೂ ಒಂದು ಗೇಣು ಸಂದಿ, ಕೈ ಹೋಗತ್ತೆ, ಬ್ರಶ್ ಆಡಲ್ಲ, ಓಡ್ಸಿದ ಹುಳವೆಲ್ಲ ಶಾಫ್ಟ್ ಹಿಂದೆ ಹೋಗಿ ಅಡಗತ್ತೆ.

ಮೊದಲು ಮಾಡಿದ್ದು ತುಂಬಾ ಸಿಂಪಲ್. 20 ಲೀಟರ್ ಬಕೆಟ್ಟು, ಮುಚ್ಚಳದಲ್ಲಿ ಎರಡು ತೂತು, ಒಂದಕ್ಕೆ ಹುಳ ಬರೋ ಪೈಪು, ಇನ್ನೊಂದಕ್ಕೆ ವ್ಯಾಕ್ಯೂಮ್, ಆ ಎರಡನೇ ತೂತಿಗೆ ಒಳಗಡೆಯಿಂದ ಅಂಗೈಯಷ್ಟು ಜಾಲರಿ. ಟ್ರೈ ಮಾಡೋಣ ಅಂತ ಶಟರ್ ಬಾಯಲ್ಲಿ ಕಾವಲಿದ್ದ ಒಂದಷ್ಟು ಹುಳ ಎಳ್ಕೊಂಡೆ. ಟಕ್ ಟಕ್ ಅಂತ ಸೌಂಡು, ಭಲೇ ಅನ್ಕೊಂಡೆ. ಮುಚ್ಚಳ ತೆಗೆದಾಗ ಗೊತ್ತಾಯ್ತು, ಆ ಟಕ್ ಅನ್ನೋದು ಹುಳ ಬಕೆಟ್ ತಳಕ್ಕೆ ಬಡಿಯೋ ಸದ್ದು. ನಲವತ್ತರಲ್ಲಿ ನಡೆದಾಡ್ತಿದ್ದಿದ್ದು ಹನ್ನೊಂದು. ಉಳಿದವು ಜಾಲರಿಗೆ ಅಂಟ್ಕೊಂಡು ಸತ್ತಿದ್ವು, ಕೆಲವಕ್ಕೆ ರೆಕ್ಕೆ ಇಲ್ಲ, ಕೆಲವು ಹೊಟ್ಟೇಲಿದ್ದ ಜೇನು ಕಕ್ಕಿ ಅದರಲ್ಲೇ ಒದ್ದೆ. ಔಷಧಿ ಹೊಡೆಯೋದಕ್ಕೂ ನಾನು ಮಾಡಿದ್ದಕ್ಕೂ ಏನು ವ್ಯತ್ಯಾಸ ಅನ್ನಿಸ್ತು. ಬಕೆಟ್ಟು ಕಾಲಲ್ಲಿ ಪಕ್ಕಕ್ಕೆ ತಳ್ಳಿ ಮನೆಗೆ ಬಂದೆ.

ಚಿಕ್ಕಪ್ಪನ ಹತ್ರ ಹೇಳ್ದೆ, ಮುಚ್ಚಿಡೋ ಮಾತೇನಿದೆ. ಅವರು ಬೈಲಿಲ್ಲ. ಸತ್ತ ಹುಳ ಒಂದನ್ನ ಅಂಗೈ ಮೇಲಿಟ್ಟು ಉಫ್ ಅಂತ ಊದಿದ್ರು, ಅದು ಹಾರಿ ಹೋಯ್ತು. ಹತ್ತು ಹದಿನೈದು ಹುಳ ಸೇರಿದ್ರೆ ಒಂದು ಗ್ರಾಂ ತೂಗ್ಬೋದೇನೋ, ಅಂಥದ್ದಕ್ಕೆ ಮೊಳೆ ತರಗು ಎಲ್ಲಾ ಎಳೆಯೋ ಮೋಟಾರು ಹಾಕಿದ್ದೆ ನಾನು. ಅಲ್ಲಿಂದ ಆಮೇಲೆ ನಾನು ಮಾಡಿದ್ದೆಲ್ಲ ಒಂದೇ ಕೆಲಸ, ಮಿಷನ್ನಿನ ಶಕ್ತಿ ಕೆಡಿಸೋದು.

ಬಕೆಟ್ ಬಿಟ್ಟು ಮರದ ಪೆಟ್ಟಿಗೆಗೆ ಬಂದಿದ್ದು ಚಿಕ್ಕಪ್ಪನ ಐಡಿಯಾ. "ಬಕೆಟ್ಟಿಂದ ಮತ್ತೆ ಸುರೀಬೇಕಲ್ಲ, ಎರಡೆರಡು ಸಲ ಯಾಕೆ ಗೋಳು ಹುಯ್ಕೋತೀಯ ಅವುನ್ನ? ಜೇನುಪೆಟ್ಟಿಗೆ ಅಳತೆಗೇ ಮಾಡು, ತಳದಲ್ಲಿ ಎಳೆಯೋ ಹಲಗೆ ಇಡು" ಅಂದ್ರು. ಮಿಷನ್ ಬೇಡ ಅಂದವ್ರೇ! ಹಾಗೇ ಮಾಡ್ದೆ. ಮೇಲ್ಗಡೆ ಪೂರ್ತಿ ಜಾಲರಿ, ಅದರ ಮೇಲೆ ಖಾಲಿ ಜಾಗ ಬಿಟ್ಟು ಒಂದು ಮುಚ್ಚಳ, ವ್ಯಾಕ್ಯೂಮ್ ಆ ಮುಚ್ಚಳಕ್ಕೆ. ಅಂಗೈಯಗಲ ಜಾಲರೀಲಿ ನುಗ್ತಿದ್ದ ಗಾಳಿ ಈಗ ಪೆಟ್ಟಿಗೆಯಗಲ ಹರಡ್ಕೊಂಡು ನಿಧಾನಕ್ಕೆ ಹೋಗತ್ತೆ, ಹುಳ ಜಾಲರಿಗೆ ಅಂಟ್ಕೊಂಡು ಸಾಯಲ್ಲ, ಅದನ್ನೇ ಹಿಡ್ಕೊಂಡು ಆರಾಮಾಗಿ ನೇತಾಡತ್ತೆ. ಹುಳ ಒಳಗೆ ಬರೋ ತೂತಿನ ಎದುರು ಗೋಡೆಗೆ ದಪ್ಪ ಸ್ಪಾಂಜು. ಸುರುಳಿ ಸುರುಳಿ ಪೈಪು ಬಿಸಾಕಿ ಒಳಗೆ ನುಣ್ಣಗಿರೋ ಪಾರದರ್ಶಕ ಪೈಪು ಹಾಕ್ದೆ, ಯಾಕಂದ್ರೆ ಆ ಸುರುಳಿಯ ಪ್ರತಿ ಏಣೂ ಹುಳಕ್ಕೆ ಒಂದೊಂದು ಏಟು.

ಮುಖ್ಯವಾದದ್ದು ಮುಚ್ಚಳದಲ್ಲಿ ಕೊರೆದ ಇನ್ನೊಂದು ತೂತು, ಅದರ ಮೇಲೆ ಸ್ಕ್ರೂ ಹಾಕಿ ತಿರುಗೋ ತಗಡಿನ ಚೂರು. ತೂತು ತೆರೆದಷ್ಟೂ ಮೋಟಾರು ಹೊರಗಿನ ಗಾಳಿ ಕುಡಿಯತ್ತೆ, ಪೈಪಲ್ಲಿ ಎಳೆತ ಕಮ್ಮಿ ಆಗತ್ತೆ. ಮೊದಲ ದಿನ ಸತ್ತ ಹುಳಗಳನ್ನೇ ಮೇಜಿನ ಮೇಲಿಟ್ಟು ಅಳತೆ ನೋಡ್ದೆ, ಪೈಪು ಬೆರಳಗಲ ಹತ್ರ ಬಂದಾಗ ಹುಳ ಎದ್ದು ಹೋಗ್ಬೇಕು, ಅದಕ್ಕಿಂತ ಮುಂಚೆ ಅಲ್ಲಾಡ್ಬಾರ್ದು. ಜೀವ ಇರೋ ಹುಳ ಕಾಲಲ್ಲಿ ಎರಿ ಕಚ್ಕೊಂಡಿರತ್ತಲ್ಲ, ಅದಕ್ಕೆ ಒಂದು ಕೂದಲೆಳೆ ಜಾಸ್ತಿ ಇಟ್ಟೆ.

ಆ ದಿನ ಬೆಳಿಗ್ಗೆ ಬಿಸಿಲೇರಿದ ಮೇಲೆ ಶುರು ಮಾಡಿದ್ವಿ, ಮೇಯೋಕೆ ಹೋಗೋವು ಹೋಗಿರ್ಲಿ ಅಂತ. ಹೊಗೆ ಒಂದೆರಡು ಉಸಿರು ಅಷ್ಟೇ. ಹೊಗೆ ಜಾಸ್ತಿಯಾದ್ರೆ ಹುಳ ಹೊಟ್ಟೆ ತುಂಬಾ ಜೇನು ಕುಡಿಯತ್ತೆ, ಪೆಟ್ಟಿಗೇಲಿ ಅದನ್ನೇ ಕಕ್ಕಿ ಎಲ್ಲಾ ಅಂಟಂಟು ಮಾಡತ್ತೆ. ತಗಡು ಇಳಿಸಿದಾಗ ಏಳು ಎರಿ, ಅಂಚಿನವು ಬೆಳ್ಳಗೆ ಜೇನು, ನಡುವೆ ಕಂದು ಬಣ್ಣದ ಮುಚ್ಚಳ ಹಾಕಿದ ಮರಿ. ಎಲ್ಲಾ ಹುಳ ಒಟ್ಟಿಗೆ ಒಂದ್ಸಲ ಮೈ ಕೊಡವಿದಾಗ ಸ್ಸ್ ಅಂತ ಒಂದು ಅಲೆ ಹೋಗತ್ತಲ್ಲ, ಎಷ್ಟು ಸಲ ಕೇಳಿದ್ರೂ ಮೈ ಜುಮ್ ಅನ್ನತ್ತೆ ನಂಗೆ.

ಪೈಪಿನ ಬಾಯಿ ಎರಿಗೆ ಒತ್ತದೆ ಸವರ್ದಂಗೆ ಹಿಡಿದ್ರೆ ಹುಳ ಒಂದೊಂದೇ ಕಾಲು ಬಿಟ್ಟು ಹಿಂದಕ್ಕೆ ಜಾರ್ಕೊಂಡು ಹೋಗ್ತಿತ್ತು. ಪಾರದರ್ಶಕ ಪೈಪಲ್ವಾ, ತಲೆ ನಮ್ಮ ಕಡೆ ಮಾಡ್ಕೊಂಡು ಹಿಮ್ಮುಖವಾಗಿ ಹೋಗೋದು ಕಾಣ್ತಿತ್ತು, ಕೆಲವು ಅರ್ಧ ದಾರೀಲಿ ಕಾಲೂರಿ ನಿಂತು ವಾಪಸ್ ನಡೆಯೋಕೂ ನೋಡ್ತಿದ್ವು. ಟಕ್ ಟಕ್ ಇಲ್ಲ. ಎರಿ ಖಾಲಿಯಾದಂಗೆ ಚಿಕ್ಕಪ್ಪ ಕೊಯ್ದು, ಮರಿ ಎರಿ ಮಾತ್ರ ಚೌಕಟ್ಟಿಗಿಟ್ಟು ದಾರ ಸುತ್ತಿ ಕಟ್ತಿದ್ರು, ಗೂಡಲ್ಲಿದ್ದಂಗೇ ಮೇಲಿನ ಅಂಚು ಮೇಲಕ್ಕೇ ಬರೋ ಥರ.

ಎಡವಟ್ಟು ಎರಡಾಯ್ತು. ಜೇನು ಎರಿ ಒಂದು ಕೈಜಾರಿ ಮುರಿದು ತೊಟ್ಟಿಕ್ತು, ನಾನು ನೋಡದೆ ಅಲ್ಲೇ ಪೈಪು ಆಡಿಸ್ದೆ, ಜೇನು ಪೈಪಿಗೆ ಹೋಗಿ ಹಿಂದೆ ಬಂದ ಹುಳ ಎಲ್ಲಾ ಅಲ್ಲೇ ಅಂಟ್ಕೊಂಡ್ವು. ಪೈಪು ತೆಗೆದು ತೊಳೆಯೋಣ ಅಂತ ಸ್ವಿಚ್ ಆಫ್ ಮಾಡ್ದೆ, ಅದು ಎರಡನೇ ಎಡವಟ್ಟು, ಯಾಕಂದ್ರೆ ಹುಳ ಒಳಗೆ ಬರೋ ತೂತಿಗೆ ಬಟ್ಟೆ ತುರುಕೋದು ಮರೆತಿದ್ದೆ. ಗಾಳಿ ನಿಂತಿದ್ದೇ ತಡ ಒಳಗಿದ್ದವೆಲ್ಲ ಸಾಲಾಗಿ ಹೊರಗೆ, ಸೀದಾ ಚಿಕ್ಕಪ್ಪನ ಕೈ ಮೇಲೆ. ಒಂದು ಚುಚ್ಚಿದ್ದಕ್ಕೆ ಮಾಗಿದ ಬಾಳೆಹಣ್ಣಿನ ಥರದ ವಾಸನೆ ಎದ್ದು ಉಳಿದವೂ ಅಲ್ಲೇ ಬಂದ್ವು. ಮುಳ್ಳನ್ನ ಉಗುರಲ್ಲಿ ಕೆರೆದು ತೆಗೀತಾ "ನಿನ್ನ ಮಿಷನ್ನಿಗೆ ಬಾಗಿಲೂ ಇಲ್ವೇನೋ" ಅಂದ್ರು. ಅವತ್ತು ಅವರಿಗೆ ಒಟ್ಟು ಆರು ಬಿತ್ತು, ನನಗೆ ಒಂದು.

ರಾಣಿ ಸಿಕ್ಕಿದ್ದು ಕೊನೇಲಿ, ಶಾಫ್ಟಿನ ತುದೀಲಿ ಮುದ್ದೆಯಾಗಿದ್ದ ಗುಂಪಲ್ಲಿ. ನಾನು ಅಭ್ಯಾಸಬಲದಲ್ಲಿ ಪೈಪು ಎತ್ತಿದ್ದೆ, ಚಿಕ್ಕಪ್ಪ ಮೊಣಕೈಯಲ್ಲಿ ತಿವಿದ್ರು. ಎಷ್ಟೇ ಮೆತ್ತಗಿದ್ರೂ ರಾಣೀನ ಪೈಪಲ್ಲಿ ಕಳ್ಸಲ್ಲ, ಆಮೇಲೆ ಅದಿಲ್ಲದೆ ಇಡೀ ಸಂಸಾರಾನೇ ಹೋಗತ್ತೆ. ಎರಡು ಬೆರಳಲ್ಲಿ ರೆಕ್ಕೆ ಹಿಡಿದು ಪಂಜರಕ್ಕೆ ಬಿಟ್ರು.

ನಡುನಡುವೆ ಪೆಟ್ಟಿಗೆ ಪಕ್ಕ ಕೈಯಿಟ್ಟು ನೋಡ್ತಿದ್ದೆ, ಹುಳ ಒತ್ತೊತ್ತಾಗಿ ಸೇರಿದ್ರೆ ತಮ್ಮ ಬಿಸಿಗೇ ಬೆಂದು ಹೋಗ್ತವೆ. ಬೆಚ್ಚಗಾಯ್ತು ಅನ್ನಿಸಿದ ತಕ್ಷಣ ಹೀರೋದು ಸಾಕು ಅಂತ ನಿಲ್ಲಿಸಿ, ಈ ಸಲ ಬಟ್ಟೆ ತುರುಕಿ, ಮೇಲಿನ ಮುಚ್ಚಳ ತೆಗೆದು ಜಾಲರಿಗೆ ಗಾಳಿಯಾಡೋಕೆ ಬಿಟ್ಟೆ. ಮರಿ ಎರಿ ಕಟ್ಟಿದ ಪೆಟ್ಟಿಗೇನ ಕೆಳಗಿಟ್ಟು, ರಾಣಿ ಪಂಜರ ಚೌಕಟ್ಟಿನ ನಡುವೆ ಸಿಕ್ಕಿಸಿ, ಅದರ ಮೇಲೆ ಇದನ್ನ ಕೂರಿಸಿ ತಳದ ಹಲಗೆ ಎಳೆದ್ವಿ. ಜಡಿಮಳೆ ದೂರದಿಂದ ಬಂದಂಗೆ ಒಂದು ಸದ್ದು, ಹುಳ ಎಲ್ಲಾ ಮರಿ ಕಡೆ ಇಳಿಯೋಕೆ ಶುರು. ಕತ್ತಲಾಗೋವರೆಗೂ ಅಲ್ಲೇ ಬಿಟ್ವಿ, ಮೇಯೋಕೆ ಹೋದವು ಬರ್ಬೇಕಲ್ಲ. ಬಂದವು ಬಾಗಿಲಲ್ಲಿ ಬಾಲ ಎತ್ತಿ ರೆಕ್ಕೆ ಬೀಸ್ತಿದ್ದವರ ಹಿಂದೆ ಸಾಲಾಗಿ ಒಳಗೆ ಹೋದ್ವು.

ರಾತ್ರಿ ಬಾಗಿಲು ಮುಚ್ಚಿ ಐದು ಕಿಲೋಮೀಟರ್ ಆಚೆ ಒಯ್ದಿಟ್ವಿ, ಹತ್ತಿರ ಇಟ್ರೆ ಹುಳ ಮತ್ತೆ ಶಟರ್ ಹುಡ್ಕೊಂಡು ಬರತ್ತೆ. ತುಡುವೆ ಮನಸ್ಸು ಕೆಟ್ರೆ ಗೂಡು ಬಿಟ್ಟು ಹೊರಟೇ ಹೋಗೋ ಜಾತಿ, ಅದಕ್ಕೆ ಬಾಗಿಲಿಗೆ ರಾಣಿ ಗೇಟ್ ಹಾಕಿದ್ವಿ, ಅದರ ಸಂದೀಲಿ ಕೆಲಸದ ಹುಳ ಓಡಾಡತ್ತೆ, ದಪ್ಪಗಿರೋ ರಾಣಿ ದಾಟಕ್ಕಾಗಲ್ಲ. ಮೂರನೇ ದಿನ ಕಾಲಲ್ಲಿ ಹಳದಿ ಪರಾಗದ ಉಂಡೆ ಹೊತ್ತು ಒಳಗೆ ಹೋಗೋದು ಕಾಣಿಸ್ತು, ಪಂಜರದಿಂದ ರಾಣೀನ ಬಿಟ್ವಿ.

ಮಿಷನ್ ಪೆಟ್ಟಿಗೆ ಕ್ಲೀನ್ ಮಾಡುವಾಗ ಸತ್ತವನ್ನ ಎಣಿಸ್ದೆ, ಅರವತ್ತಮೂರು. ಜೇನು ಅಂಟಿದ ಪೈಪಲ್ಲೇ ಮೂವತ್ತರ ಮೇಲಿದ್ವು. ಸಾವಿರಾರರಲ್ಲಿ ಇಷ್ಟೇನಾ ಅಂತ ಖುಷೀಲಿ ಚಿಕ್ಕಪ್ಪನಿಗೆ ತೋರಿಸ್ದೆ. ಅವರು ಊದಿಕೊಂಡ ಕೈಯಲ್ಲೇ ಮುಚ್ಚಳ ಎತ್ಕೊಂಡು, ಆ ತಗಡಿನ ಚೂರನ್ನ ಹಿಂದೆ ಮುಂದೆ ತಿರುಗಿಸಿ ನೋಡಿ, "ಇನ್ನೂ ಒಂಚೂರು ತೆರೀಬೋದಿತ್ತು ಕಣೋ" ಅಂದ್ರು.